ಬಳ್ಳಿ ಹೂ ಬಿಡುವ ಬಗೆ

ಮರವನ್ನು ಆಶ್ರಯಿಸಿ ಹಬ್ಬಿದ ಹೂಬಳ್ಳಿಯನ್ನು ಕಂಡು ಮೆಚ್ಚದ ಕವಿಯಿಲ್ಲ. ಕಾಳಿದಾಸನ ಶಾಕುಂತಲದಲ್ಲಿ ಮಾವಿನ ಮರವನ್ನು ವರಿಸಿದ ಮಲ್ಲಿಗೆಯ ಬಳ್ಳಿಗೆ ‘ವನಜ್ಯೋತ್ಸ್ನೆ’ ಎಂಬ ಹೆಸರೇ ಇದೆ. ಆಶ್ರಮವನ್ನು ಬಿಟ್ಟು ಹೊರಡುವಾಗ ಶಕುಂತಲೆ ಅದಕ್ಕೂ ವಿದಾಯ ಹೇಳುತ್ತಾಳೆ. ಕಾವ್ಯದ ಬಳ್ಳಿಗೆ ಹೂವಿನ ಬರವೆಂಬುದಿಲ್ಲ. ಮನೆಯ ಅಂಗಳದ ಮಾತು ಬೇರೆ. ‘ಬಳ್ಳಿಯೇನೋ ಹುಲುಸಾಗಿದೆ, ಹೂ ಮಾತ್ರ ಕಾಣೆ’ ಎಂಬ ಕೊರಗನ್ನು ನಾವು ಎಷ್ಟು ಮನೆಗಳಲ್ಲಿ ಕೇಳಿಲ್ಲ! ದಿನವೂ ನೀರು ಹೊಯ್ದು, ಗೊಬ್ಬರ ಹಾಕಿ, ಒಂದು ಕುಡಿಯನ್ನೂ ಚಿವುಟದೆ ಸಾಕಿದವರೇ ಹೆಚ್ಚಾಗಿ ಈ ಕೊರಗನ್ನು ಹೇಳುವವರು. ಇದಕ್ಕೆ ಕಾರಣವೇನು?

ನಾನು ಕಲಾ ವಿಭಾಗದ ವಿದ್ಯಾರ್ಥಿ. ಸಸ್ಯಶಾಸ್ತ್ರ ನನ್ನ ಪಾಠದ ವಿಷಯವಲ್ಲ. ಆದರೆ ಹೂವಿನ ಬಳ್ಳಿಗಳ ನಡುವೆಯೇ ಬೆಳೆದವನು. ಮನೆಯಲ್ಲಿ ಕಂಡದ್ದನ್ನೂ ಗ್ರಂಥಾಲಯದಲ್ಲಿ ಓದಿದ್ದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ತೋರಿದ ವಿಚಾರವಿಷ್ಟು: ಬಳ್ಳಿಗೆ ಅಕ್ಕರೆ ಬೇಕು, ನಿಜ, ಆದರೆ ಹೊತ್ತರಿಯದ ಅಕ್ಕರೆಯೇ ಎಷ್ಟೋ ಸಲ ಹೂವಿಗೆ ಅಡ್ಡಿಯಾಗುತ್ತದೆ. ಕೊಡುವ ಕಾಲದಲ್ಲಿ ಕೊಡಬೇಕು, ತಡೆಯುವ ಕಾಲದಲ್ಲಿ ತಡೆಯಬೇಕು. ಆ ಕಾಲವನ್ನು ತಿಳಿಯಬೇಕಾದರೆ ಮೊದಲು ಬಳ್ಳಿಯ ಸ್ವಭಾವವನ್ನು ತಿಳಿಯಬೇಕು.

ಬಳ್ಳಿಗೆ ಮರದಂಥ ಗಟ್ಟಿ ಕಾಂಡವಿಲ್ಲ. ತನ್ನ ಭಾರವನ್ನು ಹೊರಲು ಮತ್ತೊಂದನ್ನು ಆಶ್ರಯಿಸಿ, ಉಳಿಸಿದ ಶಕ್ತಿಯಿಂದ ಅದು ಬೇಗ ಬೇಗ ಬೆಳಕಿನ ಕಡೆಗೆ ಏರುತ್ತದೆ. ಏರುವ ಉಪಾಯ ಮಾತ್ರ ಎಲ್ಲಕ್ಕೂ ಒಂದೇ ಅಲ್ಲ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹತ್ತುಬಳ್ಳಿಗಳ ಚಲನೆಯನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನೇ ಬರೆದು, ಅವುಗಳನ್ನು ಏರುವ ರೀತಿಗೆ ತಕ್ಕಂತೆ ವಿಂಗಡಿಸಿದನು. ನಮ್ಮ ಮನೆಗಳಲ್ಲಿಯೇ ಈ ಬಗೆಗಳನ್ನು ಕಾಣಬಹುದು. ಶಂಖಪುಷ್ಪದ ಬಳ್ಳಿ ತನ್ನ ಕಾಂಡವನ್ನೇ ಆಸರೆಗೆ ಸುತ್ತಿಕೊಂಡು ಹೋಗುತ್ತದೆ. ಪ್ಯಾಷನ್ ಹೂವಿನ ಬಳ್ಳಿ ಹೀರೆಯ ಬಳ್ಳಿಯಂತೆ ಸುರುಳಿ ಎಳೆಗಳನ್ನು ಚಾಚಿ ಹಿಡಿಯುತ್ತದೆ. ಕಾಗದದ ಹೂ ಎಂದು ನಾವು ಕರೆಯುವ ಬೋಗನ್‌ವಿಲ್ಲಾ ಮುಳ್ಳುಗಳನ್ನು ಕೊಕ್ಕೆಯಂತೆ ತಗುಲಿಸಿ ಏರುತ್ತದೆ. ರಂಗೂನ್ ಬಳ್ಳಿಯ ಜಾಣತನವೇ ಬೇರೆ: ಎಲೆ ಉದುರಿದ ಮೇಲೆ ಅದರ ತೊಟ್ಟು ಉಳಿದು, ಗಡುಸಾಗಿ, ಮುಳ್ಳಿನ ಕೆಲಸ ಮಾಡುತ್ತದೆ. ಮಲ್ಲಿಗೆಯಾದರೋ ಅರ್ಧ ಗಿಡ, ಅರ್ಧ ಬಳ್ಳಿ. ಆಸರೆ ಸಿಕ್ಕರೆ ಒರಗುತ್ತದೆ, ಸಿಗದಿದ್ದರೆ ಪೊದೆಯಾಗುತ್ತದೆ.

ಇದರಿಂದ ಆಸರೆಯ ವಿಷಯ ತಾನಾಗಿಯೇ ತಿಳಿಯುತ್ತದೆ. ಸುತ್ತುವ ಬಳ್ಳಿಗೆ ದಪ್ಪ ಕಂಬ ಪ್ರಯೋಜನವಿಲ್ಲ, ತೆಳ್ಳನೆಯ ಹಗ್ಗ ಅಥವಾ ಗಳು ಬೇಕು. ಮುಳ್ಳಿನಿಂದ ಏರುವುದಕ್ಕೆ ನುಣ್ಣನೆಯ ಗೋಡೆ ಸಾಲದು. ಅದನ್ನು ಅಲ್ಲಲ್ಲಿ ಸಡಿಲವಾಗಿ ಕಟ್ಟಬೇಕು. ಮೈಸೂರಿನ ಹೆಸರನ್ನೇ ಹೊತ್ತ ತುನ್‌ಬರ್ಜಿಯಾ ಮೈಸೂರೆನ್ಸಿಸ್ ಎಂಬ ಬಳ್ಳಿಯೊಂದಿದೆ. ಪಶ್ಚಿಮ ಘಟ್ಟದ ಕಾಡು ಅದರ ತವರು. ಹಳದಿ ಮತ್ತು ಕೆಂಗಂದು ಬಣ್ಣದ ಅದರ ಹೂಗೊಂಚಲುಗಳು ಮಾಲೆಯಂತೆ ಕೆಳಕ್ಕೆ ಇಳಿಬೀಳುತ್ತವೆ. ಅದನ್ನು ಗೋಡೆಗೆ ಹಬ್ಬಿಸುವುದಕ್ಕಿಂತ ತಲೆಯ ಮೇಲೆ ಚಪ್ಪರ ಹಾಕಿ ಹಬ್ಬಿಸುವುದು ಲೇಸು.

ಎರಡನೆಯದು ಬಿಸಿಲು. ಉಷ್ಣವಲಯದ ಹೂಬಳ್ಳಿಗಳಲ್ಲಿ ಹೆಚ್ಚಿನವು ಬುಡವನ್ನು ನೆರಳಿನಲ್ಲಿಟ್ಟು ತಲೆಯನ್ನು ಬಿಸಿಲಿಗೆ ಒಡ್ಡಿ ಬಾಳುವಂಥವು. ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಮಲ್ಲಿಗೆಯನ್ನಾಗಲಿ ಕಾಗದದ ಹೂವನ್ನಾಗಲಿ ನೆಟ್ಟು ಫಲವಿಲ್ಲ. ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿದರೆ ಬೇಸಗೆಯಲ್ಲಿ ಬೇರು ತಂಪಾಗಿರುತ್ತದೆ.

ಮೂರನೆಯದು ನೀರು ಮತ್ತು ಗೊಬ್ಬರ. ನಾವು ಬಹಳವಾಗಿ ಎಡವುವುದು ಇಲ್ಲಿಯೇ. ಸಾರಜನಕ ಹೆಚ್ಚಾದರೆ ಗಿಡ ಎಲೆಯನ್ನೂ ಕಾಂಡವನ್ನೂ ಬೆಳೆಸುವುದರಲ್ಲೇ ಮಗ್ನವಾಗಿ ಹೂವನ್ನು ಮರೆಯುತ್ತದೆ. ಕಾಗದದ ಹೂವಿನ ತವರು ದಕ್ಷಿಣ ಅಮೆರಿಕ. ಫ್ರೆಂಚ್ ನಾವಿಕ ಬೋಗನ್‌ವಿಲ್ಲನ ಪ್ರಯಾಣದಲ್ಲಿ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಕೊಮರ್ಸನ್ 1767ರಲ್ಲಿ ಬ್ರೆಜಿಲ್ ದೇಶದಲ್ಲಿ ಇದನ್ನು ಸಂಗ್ರಹಿಸಿದನು. ನಾವು ಹೂವೆಂದು ಮೆಚ್ಚುವುದು ಬಣ್ಣದ ಎಲೆಗಳನ್ನು. ನಿಜವಾದ ಹೂ ಅವುಗಳ ನಡುವೆ ಅಡಗಿರುವ ಸಣ್ಣ ಬಿಳಿಯ ಕೊಳವೆ. ಮಣ್ಣು ಚೆನ್ನಾಗಿ ಒಣಗಿದ ಮೇಲೆ ನೀರು ಕೊಟ್ಟರೆ ಈ ಬಳ್ಳಿ ಬಣ್ಣದಿಂದ ತುಂಬುತ್ತದೆ. ದಿನವೂ ಕೊಟ್ಟರೆ ಹಸಿರಾಗಿಯೇ ಉಳಿಯುತ್ತದೆ. ಶಂಖಪುಷ್ಪವೋ ತೊಗರಿ, ಹುರುಳಿಗಳ ಕುಲದ್ದು. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಉಪಯೋಗಿಸಿಕೊಳ್ಳುತ್ತದೆ. ಅದಕ್ಕೆ ಸಾರಜನಕದ ಗೊಬ್ಬರ ಸುರಿಯುವುದು ಉಂಡವನಿಗೆ ಮತ್ತೆ ಉಣಬಡಿಸಿದಂತೆ.

ನಾಲ್ಕನೆಯದೂ ಮುಖ್ಯವಾದದ್ದೂ ಸವರುವಿಕೆ. ಇದಕ್ಕೆ ಮಲ್ಲಿಗೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೈಸೂರು, ಉಡುಪಿ, ಹಡಗಲಿ ಈ ಮೂರು ಕಡೆಯ ಮಲ್ಲಿಗೆಗಳಿಗೂ ಇಂದು ಭೌಗೋಳಿಕ ಸೂಚಕದ ಮನ್ನಣೆಯಿದೆ. ಉಡುಪಿಯ ಬಳಿಯ ಶಂಕರಪುರದ ಕಡೆ ಮನೆಯಂಗಳದಲ್ಲಿ ಬೆಳೆದ ಮಲ್ಲಿಗೆ ಎಷ್ಟೋ ಸಂಸಾರಗಳಿಗೆ ಆಧಾರವಾಗಿದೆ. ಅಲ್ಲಿ ಅದನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ.

ನಮ್ಮ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯ ಹಿತ್ತಲಲ್ಲಿ ಅವರು ಸಾಕಿದ ದುಂಡುಮಲ್ಲಿಗೆಯ ಬಳ್ಳಿಗಳಿವೆ. ನಸುಕಿನಲ್ಲಿ ಮೊಗ್ಗು ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರಿದ ಹಣದ ಒಂದು ಪಾಲು ಮೂರು ವರ್ಷವೂ ನನ್ನ ಕಾಲೇಜಿನ ಶುಲ್ಕಕ್ಕೆ ಸಂದಿದೆ. ಆದುದರಿಂದ ಬಳ್ಳಿ ಹೂ ಬಿಡುವುದೂ ಬಿಡದಿರುವುದೂ ನಮ್ಮ ಮನೆಯಲ್ಲಿ ಬರಿಯ ಸೊಬಗಿನ ಪ್ರಶ್ನೆಯಾಗಿರಲಿಲ್ಲ. ಮಾರ್ಗಶಿರ ಮಾಸ ಬಂತೆಂದರೆ ಅವರು ಬಳ್ಳಿಗೆ ನೀರು ನಿಲ್ಲಿಸುತ್ತಾರೆ. ಉಳಿದ ಎಲೆಗಳನ್ನು ತರಿದು, ಬುಡದಿಂದ ಒಂದೂವರೆ ಅಡಿಯಷ್ಟು ಬಿಟ್ಟು ಮೇಲಿನದನ್ನೆಲ್ಲ ಸವರಿಬಿಡುತ್ತಾರೆ. ನೋಡಿದವರು ‘ಅಯ್ಯೋ, ಹಸಿರು ಬಳ್ಳಿಯನ್ನು ಕೊಂದೆಯಲ್ಲಮ್ಮ’ ಎನ್ನುವುದುಂಟು. ‘ನಾಲ್ಕು ದಿನ ಉಪವಾಸ ಇರಲಿ ಬಿಡಿ, ಆಮೇಲೆ ತಾನೇ ಉಣ್ಣುತ್ತೆ’ ಎಂಬುದು ಅವರ ಉತ್ತರ. ಚಿಗುರು ಕಣ್ಣು ಬಿಟ್ಟ ಮೇಲೆ ಬುಡ ಕೆದಕಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕಟ್ಟುತ್ತಾರೆ. ಫಾಲ್ಗುಣ, ಚೈತ್ರದ ಹೊತ್ತಿಗೆ ಚಿಗುರಿನ ತುದಿತುದಿಯಲ್ಲೂ ಮೊಗ್ಗು.

ಪುಸ್ತಕ ಹೇಳುವುದೂ ಇದನ್ನೇ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಕಾಂಡ ಎಷ್ಟು ಉದ್ದವಾದರೇನು, ಚಿಗುರು ಕಡಿಮೆಯಾದರೆ ಹೂವೂ ಕಡಿಮೆ. ತುದಿಯ ಮೊಗ್ಗು ಇರುವವರೆಗೆ ಕೆಳಗಿನ ಕಣ್ಣುಗಳು ಮಲಗಿರುತ್ತವೆ. ತುದಿಯನ್ನು ಕತ್ತರಿಸಿದಾಗ ಅವು ಎಚ್ಚತ್ತು ಒಂದಿದ್ದ ಕಡೆ ನಾಲ್ಕು ಕವಲೊಡೆಯುತ್ತವೆ. ಕಾಗದದ ಹೂವನ್ನೂ ರಂಗೂನ್ ಬಳ್ಳಿಯನ್ನೂ ಒಂದು ಸಲ ಹೂ ಮುಗಿದೊಡನೆ ಸವರಬೇಕೆನ್ನುವುದಕ್ಕೂ ಇದೇ ಕಾರಣ. ಮೊಗ್ಗು ಮೂಡಿದ ಮೇಲೆ ಸವರಿದರೆ ಮಾತ್ರ ಆ ಸಾಲಿನ ಹೂವನ್ನು ಕೈಯಾರೆ ಕಳೆದುಕೊಂಡಂತೆ.

ಇನ್ನು ನೆಡುವ ಕ್ರಮ. ಮಲ್ಲಿಗೆಯ ಗೇಣುದ್ದದ, ಎರಡು ಮೂರು ಗಿಣ್ಣುಗಳುಳ್ಳ, ತೀರ ಎಳೆಯದಲ್ಲದ ತುಂಡನ್ನು ಮಳೆಗಾಲದಲ್ಲಿ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ ಬೇರು ಬಿಡುತ್ತದೆ. ನೆಲಕ್ಕೆ ಬಾಗಿದ ಕೊಂಬೆಯ ಒಂದು ಗಿಣ್ಣನ್ನು ಮಣ್ಣಿನಲ್ಲಿ ಹೂತು, ಬೇರು ಬಂದ ಮೇಲೆ ತಾಯಿಬಳ್ಳಿಯಿಂದ ಬೇರ್ಪಡಿಸುವುದು ಇನ್ನೂ ನಂಬಿಕೆಯ ದಾರಿ. ಕುಂಡದಲ್ಲಿ ಬೆಳೆಸುವವರು ತಳದ ತೂತಿನ ಮೇಲೆ ಹೆಂಚಿನ ಚೂರುಗಳನ್ನಿಟ್ಟು, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಸಮಪಾಲಿನಲ್ಲಿ ಬೆರೆಸಿ ತುಂಬಲಿ. ನೀರು ನಿಂತ ಕುಂಡದಲ್ಲಿ ಬೇರು ಕೊಳೆಯುವುದು. ಬಾಡಿದ ಎಲೆಯನ್ನು ಕಂಡು ಬಾಯಾರಿಕೆಯೆಂದು ಬಗೆದು ಮತ್ತೆ ನೀರು ಹೊಯ್ಯುವ ಮೊದಲು, ಬೆರಳನ್ನು ಮಣ್ಣಿನೊಳಗೆ ಒಂದಂಗುಲ ಇಳಿಸಿ ನೋಡುವುದು ಒಳ್ಳೆಯದು.

ಎಳೆಯ ಕುಡಿಗಳಲ್ಲಿ ಬಿಳಿಯ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ ಬಳ್ಳಿಯ ರಸವನ್ನು ಹೀರುತ್ತದೆ. ಅದು ಸ್ರವಿಸುವ ಸಿಹಿಯ ಆಸೆಗೆ ಇರುವೆಗಳು ಅದನ್ನು ಕಾಪಾಡುತ್ತವೆ. ಬಳ್ಳಿಯಲ್ಲಿ ಇರುವೆಯ ಸಾಲು ಕಂಡರೆ ತಿಗಣೆಯನ್ನು ಹುಡುಕಬೇಕು. ಒಂದು ಲೀಟರು ನೀರಿಗೆ ಐದು ಮಿಲಿಲೀಟರು ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆಯ ಹೊತ್ತು ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಬೇಕು.

ಹೀಗೆ ನೋಡಿದರೆ, ಯಾವಾಗ ನೀರು ನಿಲ್ಲಿಸಬೇಕು, ಎಲ್ಲಿ ಕತ್ತರಿಸಬೇಕು ಎಂಬುದು ನಮ್ಮ ತಾಯಿಗೆ ಕೈಗೆ ಗೊತ್ತಿತ್ತು; ಏಕೆ ಎಂಬುದನ್ನು ನನಗೆ ಪುಸ್ತಕ ತಿಳಿಸಿತು. ನಮ್ಮಂತೆ ಮನೆಯಲ್ಲಿ ಮೊದಲಿಗರಾಗಿ ಕಾಲೇಜಿಗೆ ಬಂದವರು ‘ಏಕೆ’ ಎಂಬುದನ್ನು ಕಲಿತ ಸಂತೋಷದಲ್ಲಿ ಮನೆಯವರ ‘ಯಾವಾಗ’ ಎಂಬುದನ್ನು ಕೈಬಿಟ್ಟರೆ, ಮುಂದೆ ನಮ್ಮ ಅಂಗಳದಲ್ಲಿ ಎಲೆಯಷ್ಟೇ ಉಳಿದೀತು. ಅವರು ಇರುವಾಗಲೇ ಕೇಳಿ ತಿಳಿದು ಬರೆದಿಡುವುದು ನಮ್ಮಿಂದಾಗಬೇಕಾದ ಕೆಲಸ.

ಬಾಡಿಗೆಯ ಕೋಣೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಇರುವ ಮಿತ್ರರು ‘ನಮಗೆ ಅಂಗಳವೆಲ್ಲಿ?’ ಎನ್ನಬಹುದು. ಅವರಿಗೆ ಶಂಖಪುಷ್ಪವೇ ಸಾಕು. ಬೀಜದ ಸಿಪ್ಪೆ ಗಡುಸಾದ್ದರಿಂದ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಂದು ಕುಂಡದಲ್ಲಿ ಬಿತ್ತಿ, ಬಿಸಿಲು ಬೀಳುವ ಕಿಟಕಿಯ ಕಂಬಿಗೆ ಒಂದು ದಾರ ಕಟ್ಟಿಕೊಡಲಿ. ಮಿಕ್ಕದ್ದನ್ನು ಬಳ್ಳಿಯೇ ನೋಡಿಕೊಳ್ಳುತ್ತದೆ.