ರಕ್ತದಲ್ಲಿ ಹುಟ್ಟುವ ಕಲ್ಲು

ಪಿತ್ತಕೋಶದ ಕಲ್ಲೆಂದರೆ ನಲವತ್ತು ದಾಟಿದ, ಮೈ ತುಂಬಿಕೊಂಡವರ ಕಾಯಿಲೆ ಎಂಬ ಮಾತು ರೂಢಿಯಲ್ಲಿದೆ. ಕೊಲೆಸ್ಟರಾಲ್ ಗಟ್ಟಿಯಾಗಿ ಉಂಟಾಗುವ ಹಳದಿ ಕಲ್ಲುಗಳ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ಗುಂಡ್ಲುಪೇಟೆಯ ಕಾಡಂಚಿನ ಬುಡಕಟ್ಟು ಹಾಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸಣಕಲು ಮೈಯ ಶಾಲಾ ಹುಡುಗನಿಗೂ ಕಲ್ಲು ಇರಬಹುದು. ಅದು ಬೇರೆಯದೇ ಬಗೆಯ ಕಪ್ಪು ಕಲ್ಲು. ಅದರ ಮೂಲವನ್ನು ರಕ್ತದಲ್ಲಿ ಹುಡುಕಬೇಕು. ಹಾಗೆ ಹುಡುಕಬೇಕೆಂದು ತಿಳಿದುಬಂದ ಕತೆ ದೂರದ ಶಿಕಾಗೊದಲ್ಲಿ ಶುರುವಾಗಿ ನಮ್ಮ ನೆರೆಯ ನೀಲಗಿರಿಗೆ ಬಂದು ಸೇರಿತು.

1904ರ ಕೊನೆಯಲ್ಲಿ ಗ್ರೆನಡಾ ದ್ವೀಪದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ದಂತವೈದ್ಯಕೀಯ ವಿದ್ಯಾರ್ಥಿ ಶಿಕಾಗೊದ ಆಸ್ಪತ್ರೆಯೊಂದಕ್ಕೆ ದಾಖಲಾದ. ಅವನ ರಕ್ತ ಪರೀಕ್ಷಿಸಿದ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್‌ಗೆ, ದುಂಡಗಿರಬೇಕಾದ ಕೆಂಪು ಕಣಗಳ ನಡುವೆ ಕುಡುಗೋಲಿನಂತೆ ಬಾಗಿದ ಕಣಗಳು ಕಂಡವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಪ್ರಕಟಿಸಿದರು. ಆಮ್ಲಜನಕ ಕಡಿಮೆಯಾದಾಗ ಈ ಕಣಗಳು ಬಾಗುತ್ತವೆ ಎಂದು 1927ರಲ್ಲಿ ಹಾನ್ ಮತ್ತು ಗಿಲೆಸ್ಪಿ ತೋರಿಸಿದರು. ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲೇ ಎಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ಸಾಬೀತು ಮಾಡಿದರು.

ಅಷ್ಟಾದರೂ ಈ ಕುಡುಗೋಲು ಕಣದ ಕಾಯಿಲೆ, ಅಂದರೆ ಸಿಕಲ್ ಸೆಲ್, ಮುಖ್ಯವಾಗಿ ಆಫ್ರಿಕಾ ಮೂಲದವರದು ಎಂದೇ ವೈದ್ಯಲೋಕ ನಂಬಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದವರು ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್. ಜರ್ಮನಿ ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಯಹೂದಿ ವಿಜ್ಞಾನಿ ಲೇಮನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಸೇನಾ ವೈದ್ಯರಾಗಿದ್ದವರು. ಇಬ್ಬರೂ ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷಿಸಿ, ಅಲ್ಲಿ ಕುಡುಗೋಲು ಕಣದ ಲಕ್ಷಣ ಇದೆಯೆಂದು 1952ರಲ್ಲಿ ಬರೆದರು. ಆ ಕಾಲದ ಪರೀಕ್ಷೆ ತೀರಾ ಸರಳ. ಗಾಜಿನ ಮೇಲೆ ಒಂದು ಹನಿ ರಕ್ತ, ಮೇಲೊಂದು ತೆಳುಗಾಜು, ಗಾಳಿಯಾಡದಂತೆ ಅಂಚಿಗೆ ಮೇಣ. ಒಳಗಿನ ಆಮ್ಲಜನಕ ತೀರುತ್ತ ಬಂದಂತೆ ದುಂಡು ಕಣಗಳು ಉದ್ದಕ್ಕೆ ಎಳೆದುಕೊಂಡು, ಎರಡೂ ತುದಿ ಚೂಪಾಗಿ ಬಾಗುತ್ತವೆ. ಲಕ್ಷ ಬೆಲೆಯ ಯಂತ್ರ ಬೇಕಿರಲಿಲ್ಲ. ಇಲ್ಲಿಯೂ ಇರಬಹುದೇ ಎಂದು ಕೇಳುವವರು ಬೇಕಿತ್ತು. ಈ ಆವಿಷ್ಕಾರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಪ್ರಶ್ನೆಯೇ.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರ, ಅದು ಮುಗಿದರೆ ಮುದುಮಲೈ. ಕಾಡು ಒಂದೇ, ಗಡಿ ಮಾತ್ರ ಆಮೇಲೆ ಬಂದದ್ದು. ಗಡಿಯ ಈಚೆ ಬದಿಯ ಬುಡಕಟ್ಟುಗಳಾದ ಸೋಲಿಗರಲ್ಲಿ, ಜೇನುಕುರುಬರಲ್ಲಿ ಕೂಡ ಈ ಕಾಯಿಲೆ ಇರುವುದು ಮುಂದೆ ಗೊತ್ತಾಯಿತು. ಮಲೇರಿಯಾ ಇದ್ದ ಕಾಡುಗಳಲ್ಲಿ ಈ ಕಾಯಿಲೆಯ ಜೀನು ಉಳಿದುಕೊಂಡದ್ದಕ್ಕೆ ಕಾರಣವನ್ನು ಆಂಥೊನಿ ಆಲಿಸನ್ 1954ರಲ್ಲಿ ಕೊಟ್ಟರು: ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಜೀನು ಪಡೆದವರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಇಬ್ಬರಿಂದಲೂ ಬಂದರೆ ಕಾಯಿಲೆ.

ಈ ಕಾಯಿಲೆಯಲ್ಲಿ ಕಲ್ಲು ಹುಟ್ಟುವುದು ಹೀಗೆ. ಆರೋಗ್ಯವಂತರ ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ; ಕುಡುಗೋಲು ಕಣ 10ರಿಂದ 20 ದಿನಕ್ಕೇ ಒಡೆಯುತ್ತದೆ. ಒಡೆದ ಕಣದ ಹಿಮೋಗ್ಲೋಬಿನ್ ಬಿಲಿರುಬಿನ್ ಎಂಬ ಹಳದಿ ಬಣ್ಣವಾಗಿ ಯಕೃತ್ತಿಗೆ, ಅಲ್ಲಿಂದ ಪಿತ್ತಕ್ಕೆ ಹೋಗುತ್ತದೆ. ಬರುವ ಬಣ್ಣ ವಿಪರೀತವಾದಾಗ ಅದು ಕ್ಯಾಲ್ಸಿಯಂ ಜೊತೆ ಸೇರಿ ಪಿತ್ತಕೋಶದಲ್ಲಿ ಕಪ್ಪು ಹರಳಾಗಿ ನಿಲ್ಲುತ್ತದೆ. ಎಷ್ಟೋ ಜನರಿಗೆ ಅದರಿಂದ ತೊಂದರೆಯಾಗದು. ನಾಳಕ್ಕೆ ಅಡ್ಡ ಸಿಕ್ಕಿಕೊಂಡರೆ ಮಾತ್ರ ಬಲ ಪಕ್ಕೆಯ ಕೆಳಗೆ ಹಿಡಿದ ನೋವು ಬೆನ್ನಿಗೆ, ಬಲ ಹೆಗಲಿಗೆ ಹರಿಯುತ್ತದೆ. ವಾಂತಿ, ಚಳಿಜ್ವರ, ಕಾಮಾಲೆ ಬರಬಹುದು. ಸಿಕಲ್ ಸೆಲ್‌ನ ನೋವೇ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಎರಡನ್ನೂ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಸುಲಭವಲ್ಲ. ಸ್ಕ್ಯಾನಿಂಗ್ ಬೇಕೇ ಬೇಕು.

ಸಿಕಲ್ ಸೆಲ್ ಇರುವ ಮಗುವಿನ ಕಣ್ಣು ಹಳದಿಯಾದರೆ ಮನೆಯಲ್ಲಿ ನೆಲನೆಲ್ಲಿ ರಸ ಕೊಡುತ್ತಾರೆ, ಹೊಟ್ಟೆನೋವೆಂದರೆ ಗ್ಯಾಸ್ಟ್ರಿಕ್ ಮಾತ್ರೆ. ಕೆಂಪು ಕಣ ಒಡೆಯುವುದು ಮಾತ್ರ ನಡೆದೇ ಇರುತ್ತದೆ. ಕಲ್ಲು ತೊಂದರೆ ಕೊಟ್ಟು ಆಪರೇಷನ್ ಮಾಡಬೇಕಾದಾಗಲೂ ಸಿಕಲ್ ಸೆಲ್ ಇರುವುದು ಮೊದಲೇ ಗೊತ್ತಿರಬೇಕು. ಅರಿವಳಿಕೆಯ ಹೊತ್ತಿನಲ್ಲಿ ಆಮ್ಲಜನಕ ಕುಗ್ಗಿದರೆ, ಮೈ ತಣ್ಣಗಾದರೆ, ನೀರಿನಂಶ ಕಡಿಮೆಯಾದರೆ ಕಣಗಳು ಬಾಗಿ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ತಿಳಿದಿದ್ದರೆ ಮುಂಚೆಯೇ ರಕ್ತ ಕೊಟ್ಟು, ಬೆಚ್ಚಗಿಟ್ಟು, ನಿಗಾ ವಹಿಸಬಹುದು.

ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಗಿದೆ, ಗುರಿ 2047. ನಿಮ್ಮ ಹಾಡಿಗೋ ಪೋಡಿಗೋ ತಪಾಸಣೆಯವರು ಬಂದರೆ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ, ಕೊಟ್ಟ ಕಾರ್ಡು ಜೋಪಾನವಾಗಿಡಿ. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಯಾವ ಆಸ್ಪತ್ರೆಯಲ್ಲೇ ಹೇಳಲಿ, ಆ ಕಾರ್ಡನ್ನು ಮೊದಲು ತೋರಿಸಿ. ಕಾರ್ಡಿಲ್ಲದಿದ್ದರೆ ಸಿಕಲ್ ಸೆಲ್ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ.