ಗೆರೆ ಯಂತ್ರದ್ದು, ರುಜು ಯಾರದು?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುವ ಗಾದೆ ಎಲ್ಲರಿಗೂ ಗೊತ್ತು. ಆದರೆ ಕಟ್ಟುವ ಮೊದಲು ನಕ್ಷೆ ಬರೆಯುವವರ ಪಾಡೇನು ಎಂಬುದನ್ನು ಗಾದೆ ಹೇಳುವುದಿಲ್ಲ. ಕಂಪ್ಯೂಟರು ಬುಡಮೇಲು ಮಾಡಿದ ಕಸುಬುಗಳಲ್ಲಿ ಅವರದೂ ಒಂದು.

ಹಿಂದೆ ಆರ್ಕಿಟೆಕ್ಟರ ಕಚೇರಿ ಎಂದರೆ ಇಳಿಜಾರು ಮೇಜು, ಟಿ-ಸ್ಕ್ವೇರು, ಮಸಿ ಪೆನ್ನು, ಟ್ರೇಸಿಂಗ್ ಹಾಳೆ. ಗೆರೆ ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ನಕ್ಷೆಯ ಪ್ರತಿ ತೆಗೆಯುವ ಯಂತ್ರದಿಂದ ಅಮೋನಿಯಾದ ಘಾಟು. ಗೆರೆಯ ದಪ್ಪ, ಅಕ್ಷರದ ಓರೆ ನೋಡಿದರೆ ಸಾಕು, ಪಳಗಿದ ಕಣ್ಣಿಗೆ ಅದು ಯಾರ ಕೈಕೆಲಸವೆಂದು ತಿಳಿಯುತ್ತಿತ್ತು.

ಗೆರೆಗೂ ಈ ವೃತ್ತಿಗೂ ನಂಟು ಹಳೆಯದು. 15ನೇ ಶತಮಾನದ ಇಟಲಿಯಲ್ಲಿ ಲಿಯಾನ್ ಬಟಿಸ್ಟಾ ಆಲ್ಬರ್ಟಿ ಎಂಬ ವಿದ್ವಾಂಸ, ಕಟ್ಟಡವನ್ನು ಮನಸ್ಸಿನಲ್ಲಿ ರೂಪಿಸುವುದು ಬೇರೆ, ಕಟ್ಟುವುದು ಬೇರೆ ಎಂದು ವಾದಿಸಿದ. ಗಾರೆ ಮುಟ್ಟದೆ, ಗೆರೆಯನ್ನೇ ನೆಚ್ಚಿದ ಪಶ್ಚಿಮದ ಆರ್ಕಿಟೆಕ್ಟನಿಗೆ ಈ ವಾದವೇ ತಳಹದಿ.

ಆ ಗೆರೆಗೇ ಯಂತ್ರ ಕೈಹಾಕಿತು. 1963ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್, ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ 'ಸ್ಕೆಚ್‌ಪ್ಯಾಡ್' ರೂಪಿಸಿದ. 1982ರಲ್ಲಿ ಬಂದ 'ಆಟೊಕ್ಯಾಡ್' ಆ ಸೌಲಭ್ಯವನ್ನು ಸಣ್ಣ ಕಂಪ್ಯೂಟರಿಗೂ ತಂದಿತು. ಅಲ್ಲಿಯವರೆಗೆ ಬದಲಾದದ್ದು ಪೆನ್ನು ಮಾತ್ರ. 2000ದಲ್ಲಿ ಬಂದ 'ರೆವಿಟ್' ಕೆಲಸದ ರೀತಿಯನ್ನೇ ಬದಲಿಸಿತು. ಅದರಲ್ಲಿ ಬರೆಯುವುದು ಗೆರೆಯನ್ನಲ್ಲ, ಗೋಡೆಯನ್ನು. ಒಂದು ಕಡೆ ಕಿಟಕಿ ಸರಿಸಿದರೆ ಎಲ್ಲ ನಕ್ಷೆಗಳಲ್ಲೂ ತಾನಾಗಿ ಸರಿಯುತ್ತದೆ.

ಅನುಕೂಲವೇನೋ ಸರಿ. ಆದರೆ ಸಿದ್ಧ ಬಾಗಿಲು, ಸಿದ್ಧ ಕಿಟಕಿ ಕೈಗೆಟಕುವಾಗ ಹೊಸದನ್ನು ಯೋಚಿಸುವವರೆಷ್ಟು? ಹಾಗಾದರೆ ಮನೆಯ ಅಂದ ಯಾರದು, ಆರ್ಕಿಟೆಕ್ಟರದೋ, ತಂತ್ರಾಂಶದ್ದೋ?

ಫ್ರಾಂಕ್ ಗೆಹ್ರಿಯ ಉದಾಹರಣೆ ಇದಕ್ಕೆ ಒಂದು ಉತ್ತರ. ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗನ್‌ಹೈಮ್ ವಸ್ತುಸಂಗ್ರಹಾಲಯದ ಬಳುಕು ಗೋಡೆಗಳ ಲೆಕ್ಕ ಹಾಕಿದ್ದು, ವಿಮಾನ ತಯಾರಿಕೆಗೆಂದು ಹುಟ್ಟಿದ 'ಕಟಿಯಾ' ತಂತ್ರಾಂಶ. ಗೆಹ್ರಿ ಸ್ವತಃ ಕಂಪ್ಯೂಟರ್ ಮುಂದೆ ಕೂರುತ್ತಿರಲಿಲ್ಲ. ಕೈಯಿಂದ ಗೀಚುತ್ತಿದ್ದ, ಮಾದರಿ ಮಾಡಿಸಿ ತಿದ್ದುತ್ತಿದ್ದ. ಲೆಕ್ಕ ಯಂತ್ರದ್ದು, ತೀರ್ಮಾನ ಅವನದು.

ಎಲ್ಲರೂ ಗೆಹ್ರಿಯಲ್ಲವಲ್ಲ! ಟಿ-ಸ್ಕ್ವೇರು ಒಮ್ಮೆ ಕೊಂಡರೆ ಆಯುಷ್ಯಕ್ಕಾಗುತ್ತಿತ್ತು. ಇಂದು ಇಂಥ ತಂತ್ರಾಂಶಗಳಿಗೆ ವರ್ಷ ವರ್ಷವೂ ಬಾಡಿಗೆ ತೆರಬೇಕು. ಬೆಲೆ ಏರುತ್ತಿದೆ, ರೆವಿಟ್ ಸುಧಾರಿಸುತ್ತಿಲ್ಲ ಎಂದು 2020ರಲ್ಲಿ ಜಹಾ ಹದೀದ್ ಸಂಸ್ಥೆಯೂ ಸೇರಿದಂತೆ ಬ್ರಿಟನ್ನಿನ ಹೆಸರಾಂತ ಕಚೇರಿಗಳು ಅದರ ತಯಾರಕರಿಗೆ ಬಹಿರಂಗ ಪತ್ರ ಬರೆದವು.

ಹೀಗೆ ಗೆರೆ ಯಂತ್ರಕ್ಕೆ ಹೋಯಿತು, ಉಪಕರಣ ಬಾಡಿಗೆಯದಾಯಿತು. ಉಳಿದದ್ದು ಹೆಸರು. ಭಾರತದಲ್ಲಿ 1972ರ ಕಾಯ್ದೆಯಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿದವರು ಮಾತ್ರ 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳಬಹುದು. ಆದರೆ ಈ ಕಾಯ್ದೆ ಕಾಯುವುದು ಹೆಸರನ್ನೇ ಹೊರತು ಕೆಲಸವನ್ನಲ್ಲ ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೋಂದಣಿ ಇಲ್ಲದವರು ವಿನ್ಯಾಸ ಮಾಡಲು ಅದರ ಅಡ್ಡಿಯಿಲ್ಲ. ಇತ್ತ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇಟ್ಟಿಗೆ ಮುಟ್ಟದ 'ಸಾಫ್ಟ್‌ವೇರ್ ಆರ್ಕಿಟೆಕ್ಟ'ರು ಬೇಕಾದಷ್ಟಿದ್ದಾರೆ!

ಹಾಗಿದ್ದರೆ ಐದು ವರ್ಷ ಓದಿ ಪದವಿ ಪಡೆದವರ ಹೆಚ್ಚುಗಾರಿಕೆ ಏನು? ನಿವೇಶನಕ್ಕೆ ಹೋಗಿ ಬಿಸಿಲು ಎತ್ತಣಿಂದ, ಗಾಳಿ ಎತ್ತಣಿಂದ ಎಂದು ನಿಂತು ನೋಡುವುದು. ಮನೆಯಲ್ಲಿ ಮಂಡಿನೋವಿನ ಅಜ್ಜಿ ಇದ್ದಾರೆಯೇ ಎಂದು ಕೇಳುವುದು. ತಂತ್ರಾಂಶ ಮೆಟ್ಟಿಲನ್ನು ಕರಾರುವಾಕ್ಕಾಗಿ ಬರೆದೀತು. ಅಜ್ಜಿಯ ಕೋಣೆ ಕೆಳಗಿರಬೇಕೆಂದು ಹೇಳಬೇಕಾದವರು ಆರ್ಕಿಟೆಕ್ಟೇ. ನಾಳೆ ಅಡುಗೆಮನೆಗೆ ಗಾಳಿ ಬಾರದಿದ್ದರೆ ಮನೆಯವರು ದೂರುವುದು ಕಂಪ್ಯೂಟರನ್ನಲ್ಲ, ನಕ್ಷೆಯ ಮೂಲೆಯಲ್ಲಿ ರುಜು ಹಾಕಿದವರನ್ನು.