ವಿದ್ಯುತ್ ಗಿಟಾರಿನ ನಾದಗ್ರಾಹಿ

ನಾವು ವಾಸವಾಗಿರುವ ಓಲ್ಡ್ ರಾಜಿಂದರ್ ನಗರವು ದೇಶವಿಭಜನೆಯ ತರುವಾಯ ನಿರಾಶ್ರಿತರಿಗಾಗಿ ಎದ್ದ ಬಡಾವಣೆ. ಈಗ ಅಲ್ಲಿ ನಾಗರಿಕ ಸೇವಾ ಪರೀಕ್ಷೆಗೆಂದು ದೂರದೂರದ ಊರುಗಳಿಂದ ಬಂದ ತರುಣರೇ ಎಲ್ಲೆಡೆಯೂ ಕಾಣುತ್ತಾರೆ. ನಮ್ಮ ಮನೆಯ ಮೇಲಣ ಕೋಣೆಯಲ್ಲಿ ಹಾವೇರಿ ಜಿಲ್ಲೆಯ ಯುವಕನೊಬ್ಬನು ಮೂರು ವರ್ಷ ಇದ್ದನು. ಹಗಲೆಲ್ಲ ಓದು, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಗಿಟಾರು. ಪರೀಕ್ಷೆ ಕೈಗೂಡಲಿಲ್ಲ. ಊರಿಗೆ ಹೊರಟ ದಿನ ಅವನು ಆ ವಾದ್ಯವನ್ನು ನಮ್ಮ ಕೈಗಿತ್ತು, "ಇದರದ್ದೊಂದು ಪಿಕಪ್ ಸತ್ತೈತ್ರೀ ಸರ್, ರಿಪೇರಿ ಮಾಡ್ಸಾಕ ಆಗ್ಲಿಲ್ಲ. ನಿಮ್ಮ ಸಾಲಿ ಹುಡುಗ್ರಿಗೆ ಕೊಟ್ಟುಬಿಡ್ರಿ" ಎಂದನು.

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ವಿದ್ಯಾರ್ಥಿಗಳು ಶಿಶುನಾಳ ಶರೀಫರ ತತ್ತ್ವಪದವೊಂದನ್ನು ಗಿಟಾರಿನೊಡನೆ ಹಾಡಬೇಕೆಂದು ಮನಸ್ಸು ಮಾಡಿದರು. ಮೈಸೂರಿನ ರಘು ದೀಕ್ಷಿತರು ಹಾಗೆ ಹಾಡಿದ್ದನ್ನು ಅವರು ಕೇಳಿದ್ದರು. ಪೆಟ್ಟಿಗೆ ತೆರೆದು ನೋಡಿದರೆ ವಾದ್ಯವು ಅರೆಮೂಕ. ಕಬಾಡಿಯವನಿಗೆ ಕೊಡುವುದೇ ಲೇಸೆಂದರು ಕೆಲವರು. "ಇದೆಲ್ಲ ಇಂಗ್ಲಿಷಿನಲ್ಲಿ ಓದಿದವರ ಕೆಲಸ, ಗುರುಗಳೇ" ಎಂದನು ಒಬ್ಬ ಹುಡುಗ. ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿಯೇ ಓದಿದ ನಮಗೆ ಆ ಮಾತು ನಾಟಿತು. ಅದಕ್ಕೆ ಉತ್ತರವೇ ಈ ಲೇಖನ.

ಪಿಕಪ್ ಎಂಬುದನ್ನು ನಾವಿಲ್ಲಿ ನಾದಗ್ರಾಹಿ ಎಂದು ಕರೆಯೋಣ. ಅದು ಮೈಕಿನಂತೆ ಗಾಳಿಯಲ್ಲಿ ಬಂದ ಸದ್ದನ್ನು ಹಿಡಿಯುವುದಲ್ಲ. ಅದರೊಳಗೆ ಒಂದು ಆಯಸ್ಕಾಂತವಿದೆ. ಜೊತೆಗೆ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಯಿದೆ. ಮೇಲಿರುವ ಉಕ್ಕಿನ ತಂತಿಯು ಆ ಕಾಂತದಿಂದ ತಾನೂ ಕಾಂತತ್ವವನ್ನು ಪಡೆಯುತ್ತದೆ. ಅದನ್ನು ಮೀಟಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವು ಏರಿಳಿಯುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಸುರುಳಿಯೊಳಕ್ಕೆ ಆಯಸ್ಕಾಂತವನ್ನು ತೂರಿ ಹೊರಗೆಳೆದಾಗ ಗ್ಯಾಲ್ವನೋಮೀಟರಿನ ಮುಳ್ಳು ಅತ್ತಿತ್ತ ಓಲಾಡಿದ್ದನ್ನು ನೀವೆಲ್ಲರೂ ಪ್ರಯೋಗಶಾಲೆಯಲ್ಲಿ ನೋಡಿದ್ದೀರಿ. ನೈಲಾನಿನ ತಂತಿಯನ್ನಾಗಲಿ ಹಿತ್ತಾಳೆಯ ತಂತಿಯನ್ನಾಗಲಿ ಕಟ್ಟಿದರೆ ಈ ವಾದ್ಯವೇಕೆ ನುಡಿಯದೆಂಬುದು ಈಗ ತಾನಾಗಿಯೇ ತಿಳಿಯುತ್ತದೆ.

ಆದರೆ ಸುರುಳಿಗೆ ತಂತಿಯ ನಾದ ಬೇರೆ, ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆ ಬೇರೆ ಎಂಬ ವಿವೇಕವಿಲ್ಲ. ಗೋಡೆಯ ತಂತಿಗಳಲ್ಲಿ ಸೆಕೆಂಡಿಗೆ 50 ಆವರ್ತಗಳಂತೆ ಹರಿಯುವ ವಿದ್ಯುತ್ತು ಅದರಲ್ಲಿಯೂ ಸದ್ದೆಬ್ಬಿಸುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ಗಿಬ್ಸನ್ ಸಂಸ್ಥೆಯಲ್ಲಿದ್ದ ಸೆತ್ ಲವರ್ ಎಂಬ ತಂತ್ರಜ್ಞನು 1955ರಲ್ಲಿ ಜೋಡಿಸುರುಳಿಯ ನಾದಗ್ರಾಹಿಯನ್ನು ರೂಪಿಸಿದನು. ಅದರ ಮರ್ಮವು ನಿಮ್ಮ ಬೀಜಗಣಿತದಲ್ಲಿಯೇ ಇದೆ. ಎರಡನೆಯ ಸುರುಳಿಯಲ್ಲಿ ಕಾಂತಧ್ರುವವನ್ನು ತಿರುವುಮುರುವು ಮಾಡಿದರು: ಅದು ಒಂದು ಋಣ. ವಿದ್ಯುತ್ತು ಹರಿಯುವ ದಿಕ್ಕನ್ನೂ ತಿರುಗಿಸಿದರು: ಅದು ಇನ್ನೊಂದು ಋಣ. ತಂತಿಯ ನಾದವು ಎರಡಕ್ಕೂ ಒಳಗಾಗುವುದರಿಂದ ಋಣವನ್ನು ಋಣದಿಂದ ಗುಣಿಸಿದಂತಾಗಿ ಧನವಾಗುತ್ತದೆ. ಎರಡು ಸುರುಳಿಗಳ ನಾದವೂ ಕೂಡಿಕೊಳ್ಳುತ್ತದೆ. ಹೊರಗಿನಿಂದ ಬಂದ ಗುಂಯ್‌ಕಾರಕ್ಕೆ ಒಳಗಿನ ಕಾಂತದ ಸಂಬಂಧವಿಲ್ಲ. ಅದಕ್ಕೆ ಒಂದೇ ಋಣ. ಆದುದರಿಂದ ಒಂದು ಸುರುಳಿಯದು ಇನ್ನೊಂದರದನ್ನು ಕಳೆದುಹಾಕುತ್ತದೆ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ವಾದ್ಯದ ದೇಹ. ನಮ್ಮ ವೀಣೆಯ ಕೊಡದಂತೆ ಪೂರ್ತಿ ಪೊಳ್ಳಾದ ಗಿಟಾರಿಗೆ ವಿದ್ಯುತ್ತಿನ ಬಲ ಕೊಟ್ಟರೆ, ಧ್ವನಿವರ್ಧಕದಿಂದ ಹೊರಟ ಸದ್ದೇ ಮರಳಿ ಮರವನ್ನೂ ತಂತಿಯನ್ನೂ ನಡುಗಿಸಿ ಊಳಿಡತೊಡಗುತ್ತದೆ. ಗಿಬ್ಸನ್ ಸಂಸ್ಥೆಯು 1958ರಲ್ಲಿ ಹೊರತಂದ ಇ.ಎಸ್. 335 ಎಂಬ ಮಾದರಿಯಲ್ಲಿ ನಡುವೆ ಉದ್ದಕ್ಕೂ ಗಟ್ಟಿ ಮರದ ದಿಮ್ಮಿಯನ್ನಿಟ್ಟು ಎರಡು ಪಕ್ಕಗಳನ್ನು ಮಾತ್ರ ಪೊಳ್ಳಾಗಿ ಬಿಟ್ಟರು. ಇದೇ ಅರೆಪೊಳ್ಳು ಗಿಟಾರು. ನಮ್ಮದೂ ಅದೇ ಜಾತಿಯದು. ಇದರ ರಿಪೇರಿಯಲ್ಲಿ ದೊಡ್ಡ ತೊಡಕೆಂದರೆ, ಸಾಮಾನ್ಯವಾಗಿ ಇದಕ್ಕೆ ಹಿಂಬದಿಯ ಮುಚ್ಚಳವಿರುವುದಿಲ್ಲ. ಧ್ವನಿಯನ್ನು ಏರಿಳಿಸುವ ಗುಂಡಿಗಳೂ ತಂತಿಗಳೂ ಪೊಳ್ಳಿನೊಳಗಿರುತ್ತವೆ. ಅವು ಹೊರಬರಲು ಇಂಗ್ಲಿಷಿನ ಎಫ್ ಅಕ್ಷರದ ಆಕಾರದ ಸೀಳೊಂದೇ ದಾರಿ.

ಮೊದಲು ರೋಗ ಯಾವುದೆಂದು ತಿಳಿಯಬೇಕು. ಎಷ್ಟೋ ಸಲ ನಾದಗ್ರಾಹಿಯು ನೆಟ್ಟಗಿದ್ದು ಬೆಸುಗೆ ಮಾತ್ರ ಬಿಟ್ಟಿರುತ್ತದೆ. ಮಲ್ಟಿಮೀಟರಿನಿಂದ ಅಳೆದಾಗ ದಂಡಿಯ ಬಳಿಯ ನಾದಗ್ರಾಹಿಯು ಸುಮಾರು 8,000 ಓಮ್ ರೋಧ ತೋರಿತು. ಅದು ಆರೋಗ್ಯದ ಲಕ್ಷಣ. ಕುದುರೆಯ ಬಳಿಯದು ಏನನ್ನೂ ತೋರಲಿಲ್ಲ. ಬಿಡಿಸಿ ನೇರವಾಗಿ ಅಳೆದರೂ ಅಷ್ಟೇ. ಸುರುಳಿಯೇ ಒಳಗೆ ತುಂಡಾಗಿತ್ತು. ದರಿಯಾಗಂಜಿನ ವಾದ್ಯದಂಗಡಿಯಲ್ಲಿ ಅದೇ ಅಳತೆಯ ಹೊಸತೊಂದನ್ನೂ, ಲಾಜಪತ್ ರಾಯ್ ಮಾರುಕಟ್ಟೆಯಲ್ಲಿ ಸೋಲ್ಡರಿಂಗ್ ಐರನ್ನನ್ನೂ ಬೆಸುಗೆಯ ತಂತಿಯನ್ನೂ ಕೊಂಡೆವು.

ಬಿರಡೆಗಳನ್ನು ಸಡಿಲಿಸಿ ತಂತಿಗಳನ್ನು ತೆಗೆದು, ಕುದುರೆಯನ್ನು ಜೋಪಾನವಾಗಿ ಎತ್ತಿಟ್ಟೆವು. ಒಳಗಿನ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಕಾಗದದ ಮೇಲೆ ಬರೆದುಕೊಂಡೆವು. ಗುಂಡಿಗಳ ನಟ್ಟು ಬಿಚ್ಚುವ ಮುಂಚೆ ಪ್ರತಿಯೊಂದರ ಕಡ್ಡಿಗೂ ಉದ್ದನೆಯ ದಾರ ಕಟ್ಟಬೇಕು, ಇದನ್ನು ಮರೆಯಲೇಬಾರದು. ಗುಂಡಿಯನ್ನು ಸೀಳಿನಿಂದ ಹೊರಗೆಳೆದಾಗ ದಾರದ ಒಂದು ತುದಿ ಅದರ ರಂಧ್ರದಲ್ಲಿಯೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಆ ದಾರವನ್ನೆಳೆದರೆ ಗುಂಡಿಯು ಬಾವಿಯಿಂದ ಕೊಡ ಬರುವಂತೆ ತನ್ನ ಸ್ಥಾನಕ್ಕೆ ಬರುತ್ತದೆ. ಸೀಳಿನ ಅಂಚಿಗೆ ಬಟ್ಟೆ ಹೊದಿಸಿದರೆ ಬಣ್ಣ ಗೀರುವುದಿಲ್ಲ. ಹಳೆಯ ಬೆಸುಗೆಯನ್ನು ಕರಗಿಸಿ ಸತ್ತ ನಾದಗ್ರಾಹಿಯನ್ನು ಬಿಡಿಸಿ, ಹೊಸತರ ಜೊತೆಗೆ ಬಂದ ಚೀಟಿಯಂತೆ ಅದರ ತಂತಿಗಳನ್ನು ಬೆಸೆದೆವು. ತಂತಿಯ ಬಣ್ಣಗಳ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಚೀಟಿಯನ್ನು ಓದದೆ ಬೆಸೆಯಬಾರದು. ಕುದುರೆಗೆ ಹೋಗುವ ಭೂತಂತಿಯು ಕಳಚದಂತೆಯೂ ನೋಡಿಕೊಳ್ಳಬೇಕು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಹೊಸ ನಾದಗ್ರಾಹಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ ಸದ್ದು ಬಂದೊಡನೆ ಸಂತೋಷಪಟ್ಟು, ಎಲ್ಲವನ್ನೂ ಒಳಗೆ ಸೇರಿಸಿ ತಂತಿ ಕಟ್ಟಿದೆವು. ಒಂದೊಂದೇ ನುಡಿದಾಗ ಎರಡೂ ಸೊಗಸು. ಆದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಎರಡನ್ನೂ ಕೂಡಿಸಿದರೆ ದನಿ ಸೊರಗುತ್ತದಲ್ಲ, ಗುರುಗಳೇ?" ಎಂದಳು. ನಿಜ, ಮಂದ್ರವೇ ಇಲ್ಲದೆ ಮೂಗಿನಿಂದ ಹಾಡಿದಂತಿತ್ತು. ಕಾರಣವನ್ನು ಕಂಡುಹಿಡಿದವನು ಇಂಗ್ಲಿಷಿನ ಮಾತನ್ನಾಡಿದ ಆ ಹುಡುಗನೇ. "ಒಂದು ಋಣ ಹೆಚ್ಚಾಗಿದೆ" ಎಂದನು. ಹಳೆಯದು ತಂತಿಯ ಚಲನೆಯನ್ನು ಧನವೆಂದರೆ ಹೊಸತು ಋಣವೆನ್ನುತ್ತಿತ್ತು. ಮುಳ್ಳಿರುವ ಮಲ್ಟಿಮೀಟರನ್ನು ರೋಧದ ಸ್ಥಾನದಲ್ಲಿಟ್ಟು, ನಾದಗ್ರಾಹಿಯ ಮೇಲೆ ಸ್ಕ್ರೂಡ್ರೈವರನ್ನಿರಿಸಿ ಥಟ್ಟನೆ ಎತ್ತಿದಾಗ ಮುಳ್ಳು ಯಾವ ಕಡೆಗೆ ಜಿಗಿಯುವುದೆಂದು ನೋಡಿದೆವು. ಹಳೆಯದರಲ್ಲಿ ಬಲಕ್ಕೆ, ಹೊಸತರಲ್ಲಿ ಎಡಕ್ಕೆ! ಮತ್ತೆ ತಂತಿ ಬಿಚ್ಚಿ, ದಾರ ಕಟ್ಟಿ, ಎಲ್ಲವನ್ನೂ ಹೊರಗೆಳೆದು, ಹೊಸತರ ಎರಡು ತಂತಿಗಳನ್ನು ಅದಲುಬದಲು ಮಾಡಿದೆವು. ಮುಂಚೆಯೇ ಈ ಪರೀಕ್ಷೆ ಮಾಡಿದ್ದರೆ ಒಂದು ದಿನದ ಶ್ರಮ ಉಳಿಯುತ್ತಿತ್ತು.

ಕೊನೆಯದಾಗಿ ಎತ್ತರ. ತಂತಿಯನ್ನು ಕಟ್ಟಕಡೆಯ ಮೆಟ್ಟಿನಲ್ಲಿ ಒತ್ತಿ ಹಿಡಿದಾಗ ತಂತಿಗೂ ನಾದಗ್ರಾಹಿಗೂ ಸುಮಾರು 2 ಮಿಲಿಮೀಟರ್ ಅಂತರವಿದ್ದರೆ ಚೆನ್ನು. ತೀರ ಹತ್ತಿರವಾದರೆ ಕಾಂತವು ತಂತಿಯನ್ನೇ ಸೆಳೆದು ಶ್ರುತಿ ಕೆಡಿಸುತ್ತದೆ. ಒಂದು ಎಚ್ಚರಿಕೆಯೂ ಉಂಟು: ಗಿಟಾರಿನೊಳಗಿನ ವಿದ್ಯುತ್ತು ಅತ್ಯಲ್ಪ, ಅಪಾಯವಿಲ್ಲ, ಆದರೆ ಬೆಸುಗೆ ಹಾಕುವಾಗ ವಾದ್ಯವು ಆಂಪ್ಲಿಫೈಯರಿಗೆ ಸೇರಿರಕೂಡದು. ಆಂಪ್ಲಿಫೈಯರನ್ನಂತೂ ನೀವು ಎಂದಿಗೂ ಬಿಚ್ಚಬೇಡಿ. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗೆ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ರಾಜ್ಯೋತ್ಸವದ ಸಂಜೆ ಮಕ್ಕಳು ಹಾಡಿದ್ದನ್ನು ಮುದ್ರಿಸಿ ಹಾವೇರಿಗೆ ಕಳುಹಿಸಿದೆವು. "ನನ್ನ ಕೈಯಾಗ ಇದ್ದಾಗ ಇಷ್ಟು ಚಲೋ ನುಡೀತಿರಲಿಲ್ಲ ಬಿಡ್ರಿ" ಎಂದು ಉತ್ತರ ಬಂದಿತು. ವಾದ್ಯವು ಈಗ ನಮ್ಮ ಸಂಗೀತದ ಕೋಣೆಯಲ್ಲಿದೆ. ಒಳಗಿನ ತಂತಿಗಳ ನಕ್ಷೆಯನ್ನು ಆ ಹುಡುಗನೇ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದಾನೆ. ಮುಂದೆ ಅದನ್ನು ಬಿಚ್ಚುವವರು ಮೊದಲು ಆ ನಕ್ಷೆಯನ್ನು ಓದಿಕೊಳ್ಳಬೇಕು.